ಎರಡೆಲೆಯ ಚಿಹ್ನೆ ಏನನ್ನು ಹೇಳುತ್ತದೆ?

ಕಳೆದ ತಿಂಗಳು ಮನೆಗೆ ತಂದ ಕಾಳುಮೆಣಸಿನ ಪುಡಿಯ ಪೊಟ್ಟಣದ ಮೇಲೊಂದು ಹಸಿರು ಚಿತ್ರವಿತ್ತು. ಮೇಲರ್ಧ ತುಂಡುತುಂಡಾದ ವೃತ್ತ, ಅದರೊಳಗೆ ಎರಡು ಎಲೆ, ಒಂದು ಚುಕ್ಕೆ. ನನ್ನ ತಾಯಿಯವರು ಅದನ್ನು ಕಂಡು ‘ಸಾವಯವದ್ದು ತಂದೆಯಲ್ಲ’ ಎಂದು ಸಂತೋಷಪಟ್ಟರು. ಅದು ರಾಡುರಾ, ವಿಕಿರಣದಿಂದ ಸಂಸ್ಕರಿಸಿದ ಆಹಾರದ ಅಂತರರಾಷ್ಟ್ರೀಯ ಗುರುತು. ಅದರಡಿಯ ಇಂಗ್ಲಿಷ್ ಸಾಲನ್ನು ಓದಲು ನನಗೇ ಕನ್ನಡಕ ಬೇಕಾಯಿತು.

ಈ ಸಂಗತಿಯನ್ನು ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದೇ ತಡ, ‘ಅಣುಬಾಂಬಿನ ಮಸಾಲೆ’ ಎಂಬ ಗದ್ದಲವೆದ್ದಿತು. ಆ ಗದ್ದಲಕ್ಕೆ ನನ್ನ ಸಹಿಯಿಲ್ಲ. ಕೋಬಾಲ್ಟ್-60ರ ಗಾಮಾ ಕಿರಣ ಹಾಯ್ದ ಮಾತ್ರಕ್ಕೆ ಆಹಾರ ವಿಕಿರಣಶೀಲವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ಜಂಟಿ ತಜ್ಞ ಸಮಿತಿ 1980ರಲ್ಲೇ 10 ಕಿಲೋಗ್ರೇವರೆಗಿನ ಪ್ರಮಾಣದಿಂದ ವಿಷಬಾಧೆಯಿಲ್ಲವೆಂದು ತೀರ್ಮಾನಿಸಿತು. ಥಯಾಮಿನ್‌ನಂತಹ ಜೀವಸತ್ವ ಕೊಂಚ ನಶಿಸುವುದು ನಿಜ. ಒಲೆಯ ಮೇಲೂ ನಶಿಸುತ್ತದೆ.

ನನ್ನ ತಕರಾರು ಎದುರು ಪಕ್ಷದೊಡನೆ. ‘ಸುರಕ್ಷಿತವೆಂದ ಮೇಲೆ ಲೇಬಲ್ ಏಕೆ? ಜನ ವೃಥಾ ಹೆದರುತ್ತಾರೆ’ ಎನ್ನುವವರೊಡನೆ. ಹಾಗಿದ್ದರೆ ಸಸ್ಯಾಹಾರದ ಹಸಿರು ಚುಕ್ಕೆ ಏಕಿದೆ? ಮೊಟ್ಟೆ ವಿಷವೆಂದೇ? ಅಲ್ಲ, ತಿನ್ನುವವನಿಗೆ ಆರಿಸಿಕೊಳ್ಳುವ ಹಕ್ಕಿದೆಯೆಂದು. ನನ್ನ ವೃತ್ತಿಯಲ್ಲಿಯೂ ಇದೇ ನ್ಯಾಯ. ಸಂಬಂಧಿ ಪಕ್ಷದೊಡನೆ ನಡೆದ ವ್ಯವಹಾರ ಎಷ್ಟೇ ಪ್ರಾಮಾಣಿಕವಾಗಿರಲಿ, ಲೆಕ್ಕಪತ್ರದ ಟಿಪ್ಪಣಿಯಲ್ಲಿ ಪ್ರಕಟಿಸಲೇಬೇಕು. ‘ಮೋಸವಿಲ್ಲವಲ್ಲ, ಪ್ರಕಟಣೆ ಏಕೆ’ ಎಂದು ಕೇಳುವ ನಿರ್ದೇಶಕನ ಕಡತವನ್ನೇ ನಾವು ಮೊದಲು ತೆರೆಯುತ್ತೇವೆ.

ಮುಚ್ಚಿದ ಪೊಟ್ಟಣದ ಮೇಲೆ ಚಿಹ್ನೆ, ಹೇಳಿಕೆಗಳನ್ನು ಕಾನೂನು ಕಡ್ಡಾಯಗೊಳಿಸಿದೆ. ಆದರೆ ನಾವು ಕೊಳ್ಳುವುದೆಲ್ಲ ಪೊಟ್ಟಣದಲ್ಲಿದೆಯೇ? ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನ ಘಟಕವನ್ನು ಕಟ್ಟಿದ್ದು ಈರುಳ್ಳಿಯ ಮೊಳಕೆ ತಡೆಯಲೆಂದು. ನವಿ ಮುಂಬಯಿಯ ವಾಶಿ ಘಟಕದ್ದು ಮುಖ್ಯವಾಗಿ ಮಸಾಲೆಯ ಕೆಲಸ. ಚೀಲದ ಮೇಲಿನ ಗುರುತು ಚೀಲ ಬಿಚ್ಚಿದಲ್ಲೇ ಉಳಿಯುತ್ತದೆ. ತಕ್ಕಡಿಗೆ ಬಂದ ಸರಕಿಗೆ ಪೂರ್ವಾಪರವಿಲ್ಲ. ಇಂತಹ ಇನ್ನೂ 50 ಘಟಕಗಳಿಗೆ ಧನಸಹಾಯವನ್ನು 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಘೋಷಿಸಿತು. ತೆರಿಗೆ ನಮ್ಮದು, ಕೇಳುವ ಹಕ್ಕು ಯಾರದು?

ಈರುಳ್ಳಿಯ ಮಾತು ನಮಗೇಕೆಂದು ಮೂಗು ಮುರಿಯುವ ಹಿರಿಯರು ಬೇಳೆಯತ್ತ ನೋಡಲಿ. ಬೇಳೆಕಾಳಿಗೂ ಈ ಸಂಸ್ಕರಣೆಗೆ ಅನುಮತಿಯಿದೆ. ಅಲ್ಲಿ ಅದರ ಉದ್ದೇಶವೇ ಕೀಟನಾಶ. ಗೋದಾಮಿನಲ್ಲಿ ಹಾಕುವ ಫಾಸ್ಫೀನ್ ಹೊಗೆಯೂ ಕೊಲ್ಲುತ್ತದೆ, ಅದಕ್ಕಂತೂ ಯಾವ ಚಿಹ್ನೆಯೂ ಇಲ್ಲ! ನೀರನ್ನು ಸೋಸಿ ಕುಡಿಯುವ ನಾವು, ಕಾಳು ಹುಳುವಿಲ್ಲದೆ ಬಂದುದು ಹೇಗೆಂದು ಒಮ್ಮೆಯೂ ಕೇಳಲಿಲ್ಲ. ಎರಡರಲ್ಲಿ ಯಾವುದು ಅಲ್ಪಹಿಂಸೆ ಎಂಬುದನ್ನು ತ್ಯಾಗಿಗಳೂ ಪಂಡಿತರೂ ವಿಚಾರಿಸಲಿ. ಆ ವಿಚಾರಕ್ಕೆ ಮೊದಲು ಮಾಹಿತಿ ಬೇಕು.

ಬಿಡಿಯಾಗಿ ಮಾರುವ ಸರಕಿಗೂ ದರದ ಫಲಕದ ಮೇಲೆ ಈ ಘೋಷಣೆ ಇರಬೇಕು, ಮರಾಠಿ, ತಮಿಳು, ಕನ್ನಡ ಹೀಗೆ ಆಯಾ ಊರಿನ ಭಾಷೆಯಲ್ಲಿ. ಸಗಟು ಬಿಲ್ಲಿನ ಮೇಲೆ ಬರೆದ ಸಾಲು ಕೊನೆಯ ಅಂಗಡಿಯವರೆಗೂ ಬರಬೇಕು. ಕಾನೂನು ಬರುವ ತನಕ ಕಾಯಬೇಕಿಲ್ಲ. ನಮ್ಮ ಸಂಘಗಳು ಚಾತುರ್ಮಾಸದ ಭೋಜನಶಾಲೆಗೆ ಚೀಲಗಟ್ಟಲೆ ಬೇಳೆ, ಮಸಾಲೆ ಕೊಳ್ಳುತ್ತವೆ. ಈ ಸಲದ ಆರ್ಡರಿನಲ್ಲಿಯೇ, ಸರಕಿಗೆ ವಿಕಿರಣವೋ ಧೂಮವೋ ಎಂದು ಬಿಲ್ಲಿನ ಮೇಲೆ ಬರೆದುಕೊಡಲು ಕೇಳಲಿ. ಮೊದಲು ಕೇಳಬೇಕಾದದ್ದು ನಮ್ಮ ಸಮಾಜದ ವ್ಯಾಪಾರಿಗಳನ್ನೇ.