ಬೀದಿಯನ್ನು ಸೀಳದ ಒಳಚರಂಡಿ

ಮನೆಗೆ ನೀರು ಬರುವ ದಿನವನ್ನು ಗೃಹಸ್ಥರೆಲ್ಲರೂ ಎದುರುನೋಡುವರು. ಬಳಸಿದ ನೀರು ಹೋಗತಕ್ಕ ದಾರಿಯನ್ನು ಕುರಿತು ಯೋಚಿಸುವವರು ವಿರಳ. ಬೆಂಗಳೂರಿನ ಅಂಚಿನ 110 ಹಳ್ಳಿಗಳು 2007ರಲ್ಲಿ ನಗರದೊಳಗೆ ಸೇರಿದುವು. ಅವುಗಳಿಗಾಗಿ ಕಾವೇರಿ ಐದನೆಯ ಹಂತದ ಯೋಜನೆಯು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದರ ಪ್ರಮಾಣ ದಿನಕ್ಕೆ 77.5 ಕೋಟಿ ಲೀಟರು. ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬೀಳುವುದೆಂದು ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಎಂದಮೇಲೆ 62 ಕೋಟಿ ಲೀಟರಿಗೆ ನೆಲದೊಳಗೆ ದಾರಿ ಬೇಕಾಯಿತು. ದಾರಿ ಸಿಕ್ಕದ ಕೊಳಚೆ ರಾಜಕಾಲುವೆಗೂ, ಅಲ್ಲಿಂದ ಕೆರೆಗೂ ಇಳಿಯುವುದು. ಬೆಳ್ಳಂದೂರು ಕೆರೆಯಲ್ಲಿ ನೊರೆಯೆದ್ದುದನ್ನೂ, 2018ರ ಜನವರಿಯಲ್ಲಿ ಬೆಂಕಿ ಹೊತ್ತಿಕೊಂಡುದನ್ನೂ ವಾಚಕರು ಮರೆತಿರಲಾರರು.

ಆದುದರಿಂದ ಒಳಚರಂಡಿ ಬೇಕೆಂಬುದು ನಿರ್ವಿವಾದ. ಅದನ್ನು ಹೂಳುವ ಬಗೆ ಯಾವುದೆಂಬುದೇ ಪ್ರಶ್ನೆ. ಟಿನ್ ಫ್ಯಾಕ್ಟರಿಯ ಕೂಡುದಾರಿಯನ್ನೇ ನೋಡೋಣ. ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಸ್ಥಳವಿದು. ಸಮೀಪದಲ್ಲಿಯೇ ರೈಲುಹಳಿ, ತೂಗುಸೇತುವೆ, ಮೆಟ್ರೋ ಕಂಬಗಳು. ಇಂತಹ ಕಡೆ ಉದ್ದಕ್ಕೂ ಕಾಲುವೆ ತೋಡಿದರೆ ರೋಗಿಯನ್ನು ಹೊತ್ತ ಆಂಬುಲೆನ್ಸು ನಿಲ್ಲುವುದು. ಬದಿಯ ಅಂಗಡಿಯವನ ಗಳಿಕೆ ಕಟ್ಟುವುದು. ಶಾಲೆಗೆ ಹೋದ ಮಕ್ಕಳು ಹೊತ್ತಿಗೆ ಮನೆ ಸೇರಲಾರರು. ಕುಡಿಯುವ ನೀರಿನ ಕೊಳವೆಯನ್ನು ಏರಿಸಿ ಇಳಿಸಬಹುದು. ಒತ್ತಡವು ನೀರನ್ನು ನೂಕುತ್ತದೆ. ಕೊಳಚೆಯಾದರೋ ಇಳಿಜಾರನ್ನೇ ನಂಬಿ ಹರಿಯತಕ್ಕದ್ದು. ಆದಕಾರಣ ಕೊಳವೆಯು ಮುಂದೆ ಸಾಗಿದಷ್ಟೂ ಆಳಕ್ಕೆ ಹೋಗುವುದು. ಕಾಲುವೆ ಆಳವಾದಷ್ಟೂ ಅಗಲವೂ ಆಗುವುದು.

ಇದಕ್ಕೆ ಪರಿಹಾರವುಂಟು. 1890ರ ದಶಕದಲ್ಲಿಯೇ ಅಮೆರಿಕದ ನಾರ್ದರ್ನ್ ಪೆಸಿಫಿಕ್ ರೈಲ್ವೆಯವರು ಹಳಿಗಳನ್ನು ಕೀಳದೆ ಅವುಗಳ ಅಡಿಯಲ್ಲಿ ಕೊಳವೆಯನ್ನು ನೂಕಿದ್ದರು. 1970ರ ದಶಕದಲ್ಲಿ ಜಪಾನಿನವರು ಅದೇ ಉಪಾಯಕ್ಕೆ ದೂರದಿಂದ ನಡೆಸುವ ಸಣ್ಣ ಸುರಂಗಯಂತ್ರವನ್ನು ಜೋಡಿಸಿದರು. ರಸ್ತೆಯ ಎರಡು ಕಡೆ ಎರಡು ಬಾವಿಗಳನ್ನು ಮಾತ್ರ ತೋಡುವರು. ಮೊದಲನೆಯ ಬಾವಿಯಿಂದ ಯಂತ್ರವು ಮಣ್ಣನ್ನು ಕೊರೆಯುತ್ತ ಹೊರಡುವುದು. ಅದರ ಹಿಂದೆ ಕಾಂಕ್ರೀಟಿನ ಕೊಳವೆಗಳನ್ನು ಒಂದಾದಮೇಲೊಂದರಂತೆ ಜಾಕಿಗಳು ನೂಕುವುವು. ಲೇಸರ್ ಕಿರಣವು ದಿಕ್ಕನ್ನೂ ಇಳಿಜಾರನ್ನೂ ತೋರುವುದು. ಎರಡನೆಯ ಬಾವಿಯಲ್ಲಿ ಯಂತ್ರವು ಹೊರಬಂದಾಗ ಕೊಳವೆ ಸಾಲು ಸಿದ್ಧವಾಗಿರುವುದು. ಮೇಲೆ ಬಸ್ಸುಗಳು ಓಡುತ್ತಲೇ ಇರುವುವು. 2021ರ ಸೆಪ್ಟೆಂಬರಿನಲ್ಲಿ ಶಿವಾಜಿನಗರದಲ್ಲಿ ಹೊರಬಂದ ಮೆಟ್ರೋ ಯಂತ್ರ ‘ಊರ್ಜಾ’ವನ್ನು ಬಲ್ಲವರು ಇದನ್ನು ಅದರ ತಮ್ಮನೆಂದು ತಿಳಿಯಬಹುದು.

ಆದರೆ ಯಂತ್ರವೊಂದರಿಂದಲೇ ಎಲ್ಲವೂ ಸಾಧಿಸಿತೆನ್ನುವುದು ಸರಿಯಲ್ಲ. ವೆಚ್ಚ ಹೆಚ್ಚು. ಮಣ್ಣಿನ ನಡುವೆ ದೊಡ್ಡ ಬಂಡೆ ಎದುರಾದರೆ ಯಂತ್ರ ಸಿಕ್ಕಿಕೊಳ್ಳಬಹುದು. ಆಗ ಬಿಡಿಸಲು ಮೇಲಿನಿಂದ ಅಗೆಯಲೇಬೇಕಾದೀತು. ಬೆಂಗಳೂರಿನ ಅಡಿಯಲ್ಲಿ ಕಲ್ಲಿಗೇನು ಕೊರತೆಯಿಲ್ಲ. ಆದಕಾರಣ ಅಲ್ಲಲ್ಲಿ ನೆಲವನ್ನು ಕೊರೆದು ಪರೀಕ್ಷಿಸುವುದೂ, ಹಳೆಯ ಕೊಳವೆ ತಂತಿಗಳ ಜಾಡನ್ನು ಗುರುತಿಸುವುದೂ ಮೊದಲ ಕೆಲಸಗಳು. ಈ ಶೋಧನೆಗೆ ಕೊಟ್ಟ ಕಾಲ ವ್ಯರ್ಥವಲ್ಲ.

ಇನ್ನು ದೊಡ್ಡ ಕೊಳವೆಯಿಂದ ಮನೆಮನೆಗೆ ಕೊಡುವ ಸಂಪರ್ಕಕ್ಕೆ ಸಾಮಾನ್ಯವಾಗಿ ಅಗೆತವೇ ಗತಿ. ಕಿರುಬೀದಿಗಳಲ್ಲಿ ಒಂದು ದಿನದಲ್ಲಿ ಮುಚ್ಚಬಹುದಾದಷ್ಟನ್ನೇ ಆ ದಿನ ತೆರೆಯುವುದು, ಮುಂಚಿತವಾಗಿ ತಿಳಿಸುವುದು, ಗುಂಡಿಯ ಸುತ್ತ ತಡೆಯನ್ನೂ ರಾತ್ರಿ ದೀಪವನ್ನೂ ಇಡುವುದು, ಬಾಗಿಲಿಗೆ ಹಲಗೆ ಹಾಸುವುದು—ಇವು ಬೀದಿಯವರು ಕೇಳಿ ಪಡೆಯತಕ್ಕ ಮರ್ಯಾದೆಗಳೇ ಹೊರತು ಯಾರ ದಾಕ್ಷಿಣ್ಯವೂ ಅಲ್ಲ.

ಗೃಹಸ್ಥರ ಪಾಲಿಗೂ ಕರ್ತವ್ಯವುಂಟು. ಮಹಡಿಯ ಮಳೆನೀರನ್ನು ಒಳಚರಂಡಿಗೆ ಬಿಟ್ಟರೆ ಅದು ತುಂಬಿ ತಗ್ಗಿನಲ್ಲಿರುವ ನೆರೆಯವರ ಅಂಗಳದಲ್ಲಿ ಉಕ್ಕುವುದು. ಜಿಡ್ಡು, ಬಟ್ಟೆ, ಪ್ಲಾಸ್ಟಿಕ್ಕುಗಳು ಕೊಳವೆಯನ್ನು ಕಟ್ಟುವುವು. ಕಟ್ಟಿದ ಕೊಳವೆಗಾಗಿ ಬೀದಿಯನ್ನು ಮತ್ತೆ ಅಗೆಯಬೇಕಾಗಬಹುದು. ಮನೆಯ ಬಚ್ಚಲಲ್ಲಿ ಒಂದು ಜಾಲರಿ ಇಡುವುದು ಸಣ್ಣ ಕೆಲಸ. ಅದನ್ನು ಈ ವಾರವೇ ಮಾಡಬಹುದೆಂದು ನಮ್ಮ ವಿಜ್ಞಾಪನೆ.