ಒಂದೇ ಕನೆಕ್ಷನ್ ಸಾಕು, ನಿಮಗೂ ಪಾಲಿರಲಿ

ಸಂಜೆಯಾದರೆ ನಿಮ್ಮ ಮನೆಯಲ್ಲೂ ಇದೇ ರಗಳೆಯೇ? ಮಗಳಿಗೆ ಪ್ರಾಜೆಕ್ಟು, ಮಗನಿಗೆ ಆನ್‌ಲೈನ್ ಕೋಚಿಂಗು, ಯಜಮಾನರಿಗೆ ಆಫೀಸ್ ಮೀಟಿಂಗು. ಒಳಕೋಣೆಯಿಂದ ‘ಅಮ್ಮಾ, ನೆಟ್ ಬರ್ತಿಲ್ಲ’ ಅನ್ನೋ ಕೂಗು. ಕೊನೆಗೆ ‘ಇನ್ನೊಂದು ಕನೆಕ್ಷನ್ ಹಾಕಿಸೋಣ’ ಅಂತ ತೀರ್ಮಾನ. ಸ್ವಲ್ಪ ತಡೀರಿ. ತಿಂಗಳು ತಿಂಗಳೂ ಎರಡು ಬಿಲ್ಲು ಕಟ್ಟುವ ಮೊದಲು ಲೆಕ್ಕ ನೋಡಿ.

2004ರ ಸರ್ಕಾರಿ ನೀತಿಯಲ್ಲಿ 256 ಕೆಬಿಪಿಎಸ್ ವೇಗವಿದ್ದರೆ ಅದೇ ಬ್ರಾಡ್‌ಬ್ಯಾಂಡ್. ಆಗ ಮನೆಗೊಂದು ಕಂಪ್ಯೂಟರ್, ಅದಕ್ಕೊಂದು ಕಸೂತಿ ಹಾಕಿದ ಹೊದಿಕೆ! ಈಗ ಸಾಧಾರಣ ಫೈಬರ್ ಪ್ಲಾನಿನಲ್ಲೇ 30 ಎಂಬಿಪಿಎಸ್ ಸಿಗುತ್ತದೆ. ಒಂದು ವಿಡಿಯೊ ಕ್ಲಾಸಿಗೆ 3 ಇದ್ದರೆ ಧಾರಾಳ, ಒಳ್ಳೆ ಗುಣಮಟ್ಟದ ಸಿನಿಮಾಕ್ಕೆ 5. ಮನೆಮಂದಿಯೆಲ್ಲ ಒಟ್ಟಿಗೆ ಕೂತರೂ ಮಿಗುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ಹೆಚ್ಚಾಗಿ ಗೋಡೆಯಲ್ಲಿ. ಮಡಿಕೇರಿ, ವಿರಾಜಪೇಟೆಯ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆಯನ್ನು ವೈಫೈ ಸುಲಭವಾಗಿ ದಾಟೋದಿಲ್ಲ. ತಗಡಿನ ಶೀಟು, ಫ್ರಿಜ್ಜು, ನೀರಿನ ಟ್ಯಾಂಕು ಕೂಡ ಅಡ್ಡವೇ. ಲ್ಯಾಪ್‌ಟಾಪನ್ನು ರೂಟರ್ ಪಕ್ಕಕ್ಕೆ ಒಯ್ದು ನೋಡಿ. ಅಲ್ಲಿ ಸಲೀಸಾಗಿ ಓಡಿ, ಒಳಗೆ ನಿಂತುಹೋದರೆ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

2021ರಲ್ಲಿ ಶನಿವಾರಸಂತೆ ಹತ್ತಿರದ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಪಾಠ ಹೇಳಿದರು. ಅವರ ಕಷ್ಟ ನಿಜವಾದ ಕಷ್ಟ. ಪೇಟೆಯಲ್ಲಿರುವ ನಮಗೆ ಬಾಗಿಲವರೆಗೆ ಬಂದ ನೆಟ್ಟು ಒಳಕೋಣೆಗೆ ಬರೋದಿಲ್ಲ ಅಂದರೆ ಏನು ಹೇಳೋಣ?

ಲೈನ್ ಹಾಕಿದವರು ಟಿವಿ ಹಿಂದೆ ಬಿಟ್ಟುಹೋದ ರೂಟರನ್ನು ಮನೆಯ ನಡುಭಾಗಕ್ಕೆ, ಎತ್ತರದ ಶೆಲ್ಫಿಗೆ ತನ್ನಿ. ಅದಕ್ಕೂ ಬಗ್ಗದಿದ್ದರೆ ಲ್ಯಾನ್ ಕೇಬಲ್ ಎಳೆಸಿ. ಕೆಲವು ನೂರು ರೂಪಾಯಿ ಖರ್ಚು, ಒಂದೇ ಸಲ. 100 ಮೀಟರ್‌ವರೆಗೂ ವೇಗ ಕುಗ್ಗೋದಿಲ್ಲ. ಆ ತುದಿಗೆ ಅಟ್ಟದ ಮೇಲಿರುವ ಹಳೇ ರೂಟರ್ ಸಿಕ್ಕಿಸಿದರೆ ಒಳಕೋಣೆಗೂ ವೈಫೈ ಬಂತು. ಕೇಬಲ್ಲಿನ ಎರಡೂ ತುದಿ ‘ಲ್ಯಾನ್’ ಎಂದಿರುವ ತೂತಿಗೇ ಹೋಗಬೇಕು. ಹಳೇ ರೂಟರಿನಲ್ಲಿ ಡಿಎಚ್‌ಸಿಪಿ ಎಂಬುದನ್ನು ಆಫ್ ಮಾಡಿ, ಅದರ ವಿಳಾಸ ಹೊಸದಕ್ಕಿಂತ ಬೇರೆ ಇರುವಂತೆ ನೋಡಿಕೊಳ್ಳಬೇಕು. ಮಗನ ಕೈಲಿ ಮಾಡಿಸಿ, ಆದರೆ ಪಕ್ಕದಲ್ಲೇ ಕೂತು ನೋಡಿ. ಕೇಬಲ್ಲನ್ನು ಹೊರಗಡೆಯಿಂದ ಮಾತ್ರ ಬೇಡ, ನಮ್ಮೂರ ಸಿಡಿಲು ಗೊತ್ತಲ್ಲ. ಮಳೆಗಾಲದಲ್ಲಿ ಕರೆಂಟಿನ ಕಥೆಯೂ ಗೊತ್ತೇ ಇದೆ. ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ತಂದಿಟ್ಟರೆ ಕ್ಲಾಸು ಅರ್ಧಕ್ಕೆ ನಿಲ್ಲದು.

ಪಕ್ಕದ ಮನೆಯ ಹುಡುಗ ‘ಆಂಟಿ, ಪಾಸ್‌ವರ್ಡ್ ಕೊಡಿ’ ಅಂತ ಬಂದರೆ? ಪರೀಕ್ಷೆ ಸಮಯ, ಇಲ್ಲ ಅನ್ನೋಕೆ ಮನಸ್ಸು ಬಾರದು. ಗೆಸ್ಟ್ ನೆಟ್‌ವರ್ಕ್ ಅಂತ ಬೇರೆಯೇ ಇರುತ್ತದೆ, ಅದನ್ನು ಕೊಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಆ ಲೈನಿನಲ್ಲಿ ಏನೇ ನಡೆದರೂ ಮೊದಲು ಕೇಳೋದು ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರನ್ನು.

ಇಷ್ಟೆಲ್ಲ ಹಂಚಿಕೆಯಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿಕೊಂಡಿದ್ದೀರಾ? 2020ರ ಲಾಕ್‌ಡೌನಿನಲ್ಲಿ ಎಷ್ಟೋ ಮನೆಗಳಲ್ಲಿ ಅಮ್ಮನ ಫೋನೇ ಮಕ್ಕಳ ಶಾಲೆಯಾಯಿತು. ಕೊಟ್ಟಿದ್ದು ತಪ್ಪಲ್ಲ. ಆದರೆ ಅಂದಿನಿಂದ ಎಲ್ಲರದೂ ಮುಗಿದ ಮೇಲೆ ನಮ್ಮದು ಅನ್ನೋದೇ ಅಭ್ಯಾಸವಾಗಿಬಿಟ್ಟಿದೆ. ಹೋಂಸ್ಟೇ ಬುಕಿಂಗ್ ನೋಡೋದು, ಉಪ್ಪಿನಕಾಯಿ ಆರ್ಡರಿಗೆ ಉತ್ತರ ಬರೆಯೋದು, ದೂರಶಿಕ್ಷಣದ ಪಾಠ ಕೇಳೋದು ಎಲ್ಲ ರಾತ್ರಿ ಪಾತ್ರೆ ತೊಳೆದ ಮೇಲೆ, ನಿದ್ದೆ ಕಣ್ಣಲ್ಲಿ. ಬಿಲ್ಲಿನ ದಿನ ನೆನಪಿಡೋರು ನಾವು, ರೂಟರಿನ ಧೂಳು ಒರೆಸೋರು ನಾವು, ಪಾಸ್‌ವರ್ಡ್ ಮಾತ್ರ ನಮಗೆ ಗೊತ್ತಿಲ್ಲ!

ದಿನಕ್ಕೆ ಒಂದು ಗಂಟೆ, ಹಗಲಿನಲ್ಲೇ, ಮನೆಯ ಕಂಪ್ಯೂಟರ್ ಒಂದು ನಿಮ್ಮದು ಅಂತ ಗೊತ್ತುಮಾಡಿ. ಈ ಭಾನುವಾರ ರೂಟರಿನ ಪಾಸ್‌ವರ್ಡನ್ನು ನೀವೇ ಬದಲಿಸಿ. ಹೊಸದು ಬೇಕಾದವರು ಅಡುಗೆಮನೆಗೆ ಬಂದು ಕೇಳಲಿ.