ಸದ್ದಿಗೂ ಒಂದು ವೋಚರ್ ಬೇಕು

ಲೆಕ್ಕ ತಪಾಸಣೆಯಲ್ಲಿ ಇಪ್ಪತ್ತು ವರ್ಷ ಕಳೆದ ನನ್ನಂಥವರ ಕಣ್ಣಿಗೆ ಎರಡು ಬಗೆಯ ಅಕ್ರಮಗಳು ಬೇಗ ಬೀಳುತ್ತವೆ. ವ್ಯವಹಾರ ನಡೆದಿರುತ್ತದೆ, ಪುಸ್ತಕದಲ್ಲಿ ನಮೂದು ಇರುವುದಿಲ್ಲ, ಇದು ಮೊದಲನೆಯದು. ಪುಸ್ತಕದಲ್ಲಿ ನಮೂದು ಇರುತ್ತದೆ, ವ್ಯವಹಾರ ನಡೆದೇ ಇರುವುದಿಲ್ಲ, ಇದು ಎರಡನೆಯದು. ಇವತ್ತಿನ ಡಿಜಿಟಲ್ ಪಿನ್‌ಬಾಲ್ ಆಟಗಳಲ್ಲಿ ಹಲವು ಈ ಎರಡನ್ನೂ ರಾಜಾರೋಷವಾಗಿ ಮಾಡುತ್ತಿವೆ ಎಂಬುದು ನನ್ನ ಆರೋಪ. ಗುಂಡು ಬಡಿಯುತ್ತದೆ, ಸದ್ದಿಲ್ಲ. ಸದ್ದು ಬರುತ್ತದೆ, ಯಾವ ಗುಂಡೂ ಬಡಿದಿಲ್ಲ. ‘ಆಟ ತಾನೇ, ಬಿಡಿ ಸ್ವಾಮಿ’ ಎನ್ನುವವರಿಗಾಗಿಯೇ ಈ ಬರಹ.

ಪಿನ್‌ಬಾಲ್ ಅಂದರೆ ಏನೆಂದು ಊರಿನ ಓದುಗರು ಹುಬ್ಬೇರಿಸಬೇಕಾಗಿಲ್ಲ. ಮೊಳೆ ಹೊಡೆದ ಹಲಗೆ, ಸ್ಪ್ರಿಂಗ್ ಎಳೆದು ಬಿಟ್ಟರೆ ಓಡುವ ಗೋಲಿ. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬರುತ್ತಿದ್ದ ಬಗಾಟೆಲ್ ನೆನಪಿರಬಹುದು. ಇದು ಅದೇ ವಂಶದ್ದು. ಇನ್ನೂ ಹತ್ತಿರದ ಪರಿಚಯ ಬೇಕೆಂದರೆ, ವಿಂಡೋಸ್ ಎಕ್ಸ್‌ಪಿ ಕಾಲದ ‘ಸ್ಪೇಸ್ ಕ್ಯಾಡೆಟ್’. 2000ರ ದಶಕದಲ್ಲಿ ಬೆಂಗಳೂರಿನ ಆಡಿಟ್ ಕಚೇರಿಗಳಲ್ಲಿ ಆರ್ಟಿಕಲ್‌ಶಿಪ್ ಮಾಡಿದ ನಮಗೆ, ಸೀನಿಯರ್ ಸಾಹೇಬರು ಕ್ಲೈಂಟ್ ಭೇಟಿಗೆ ಹೊರಟ ಕೂಡಲೇ ತೆರೆದುಕೊಳ್ಳುತ್ತಿದ್ದ ಕಿಟಕಿ ಅದು. ನಾವು ಕೂರುತ್ತಿದ್ದ ಕಂಪ್ಯೂಟರುಗಳಿಗೆ ಸ್ಪೀಕರ್ ಇರಲಿಲ್ಲ. ಹಾಗಾಗಿ ನಾವು ಅದನ್ನು ಮೂಕಿ ಸಿನಿಮಾದಂತೆ ಆಡಿದೆವು.

ಆ ಆಟ ಹುಟ್ಟಿದ್ದು ನಾನೀಗ ನೆಲೆಸಿರುವ ಟೆಕ್ಸಸ್‌ನಲ್ಲೇ. ಮರ್ಫಿಯಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ದೂರದ ಆಸ್ಟಿನ್‌ನಲ್ಲಿ ಸಿನಿಮಾಟ್ರಾನಿಕ್ಸ್ ಎಂಬ ಪುಟ್ಟ ಕಂಪನಿ ಅದನ್ನು ಮಾಡಿತು. 1995ರಲ್ಲಿ ವಿಂಡೋಸ್ 95ರ ‘ಪ್ಲಸ್’ ಪೊಟ್ಟಣದೊಂದಿಗೆ ಬಂತು, ವಿಸ್ತಾ ಬರುವ ಹೊತ್ತಿಗೆ ವಿಂಡೋಸಿನಿಂದ ಮಾಯವಾಯಿತು. ಅದರ ಫೋಲ್ಡರ್ ತೆರೆದು ನೋಡಿದರೆ ಸದ್ದುಗಳೆಲ್ಲ ಬಿಡಿಬಿಡಿ ವೇವ್ ಫೈಲುಗಳು, ಸಂಗೀತ ಮಾತ್ರ ಬೇರೆಯೇ ಒಂದು ಮಿಡಿ ಫೈಲು. ಮೆನುವಿನಲ್ಲೂ ಸದ್ದಿಗೊಂದು ಗುರುತು, ಸಂಗೀತಕ್ಕೊಂದು ಗುರುತು; ಒಂದನ್ನು ಆರಿಸಿ ಇನ್ನೊಂದನ್ನು ಉಳಿಸಿಕೊಳ್ಳಬಹುದಿತ್ತು. ಎರಡೂ ಬೇರೆ ಬೇರೆ ಖಾತೆಗಳು ಎಂಬ ತಿಳಿವಳಿಕೆ ಆ ಪುಟ್ಟ ಆಟಕ್ಕಿತ್ತು. ಈಗ ಫೋನಿನಲ್ಲಿ ಸಿಗುವ ಎಷ್ಟೋ ಆಟಗಳಿಗೆ ಅದಿಲ್ಲ.

ನಿಜವಾದ ಪಿನ್‌ಬಾಲ್ ಯಂತ್ರದಲ್ಲಿ ಸದ್ದು ಅಲಂಕಾರವಲ್ಲ, ವರದಿ. ಗುಂಡು ಸುಮಾರು 80 ಗ್ರಾಂ ತೂಕದ ಉಕ್ಕು. ಅದು ಓಡುವುದು ಇಳಿಜಾರಾಗಿ ಕೂರಿಸಿದ ಪ್ಲೈವುಡ್ ಹಲಗೆಯ ಮೇಲೆ. ಫ್ಲಿಪ್ಪರ್ ಏಳುವಾಗ ತಂತಿಯ ಸುರುಳಿಯೊಳಗೆ ಕಬ್ಬಿಣದ ದಿಂಡು ಸೆಳೆದು ‘ಧಡ್’ ಎನ್ನುತ್ತದೆ. ಹಳೆಯ ಯಂತ್ರಗಳಲ್ಲಿ ಗಂಟೆಯಂತೆ ಮೊಳಗುವ ಲೋಹದ ಪಟ್ಟಿಗಳಿದ್ದವು. ಹತ್ತು ಅಂಕಕ್ಕೆ ಒಂದು, ನೂರಕ್ಕೆ ಒಂದು, ಸಾವಿರಕ್ಕೆ ಮತ್ತೊಂದು. ಕಣ್ಣು ಗುಂಡಿನ ಮೇಲೆ ನೆಟ್ಟಿರುವಾಗ ಜಮೆ ಎಷ್ಟಾಯಿತೆಂದು ಕಿವಿಯೇ ಬರೆದುಕೊಳ್ಳುತ್ತಿತ್ತು. ಇನ್ನೊಂದು ಆಟ ಬಿಟ್ಟಿಯಾಗಿ ಗೆದ್ದರೆ ‘ನಾಕರ್’ ಎಂಬ ಸುತ್ತಿಗೆ ಪೆಟ್ಟಿಗೆಯ ಮರಕ್ಕೇ ಒಮ್ಮೆ ಬಡಿಯುತ್ತಿತ್ತು. ರಸೀದಿಗೆ ಮೊಹರು ಬಿದ್ದ ಹಾಗೆ.

ಇದನ್ನು ಕೇಳಬೇಕೆಂದರೆ ವರ್ಷಕ್ಕೊಮ್ಮೆ ನಮ್ಮ ಪಕ್ಕದ ಫ್ರಿಸ್ಕೋದಲ್ಲಿ ನಡೆಯುವ ಟೆಕ್ಸಸ್ ಪಿನ್‌ಬಾಲ್ ಫೆಸ್ಟಿವಲ್‌ಗೆ ಹೋಗಬೇಕು. ನೂರಾರು ಯಂತ್ರಗಳು ಒಟ್ಟಿಗೆ ಅರಚುವ ಆ ಹಾಲಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಅಷ್ಟು ಗದ್ದಲದ ನಡುವೆಯೂ ಎಲ್ಲೋ ಒಂದು ನಾಕರ್ ‘ಟಕ್’ ಎಂದರೆ ಹತ್ತು ತಲೆಗಳು ಅತ್ತ ತಿರುಗುತ್ತವೆ. ಮನೆಯಲ್ಲಿ ಟ್ಯಾಬ್ಲೆಟ್ ಹಿಡಿದ ತಕ್ಷಣ ಆಟದ ಸದ್ದನ್ನು ಆರಿಸಿಬಿಡುವ ನನ್ನ ಮಗಳು ಅಲ್ಲಿ ಯಂತ್ರದ ಮೇಲೆ ಬಾಗಿ ಕಿವಿಗೊಟ್ಟು ಆಡುತ್ತಾಳೆ. ಮಕ್ಕಳಿಗೆ ಸದ್ದು ಬೇಡವೆಂದಲ್ಲ. ಉಪಯೋಗಕ್ಕೆ ಬಾರದ ಸದ್ದು ಬೇಡ.

ಈಗ ಡಿಜಿಟಲ್ ಆಟಕ್ಕೆ ಬರೋಣ. ಪಿನ್‌ಮೇಮ್ ಎಂಬ ತಂತ್ರಾಂಶ ಹಳೆಯ ಯಂತ್ರದ ಚಿಪ್ಪಿನಲ್ಲಿದ್ದ ಪ್ರೋಗ್ರಾಮನ್ನೇ ಕಂಪ್ಯೂಟರಿನಲ್ಲಿ ಓಡಿಸುತ್ತದೆ. ಸಂಗೀತ, ಮಾತು, ಎಲೆಕ್ಟ್ರಾನಿಕ್ ಸದ್ದು ಎಲ್ಲ ಮರಳಿ ಬರುತ್ತವೆ. ಆದರೆ ಗುಂಡು ಮರದ ಮೇಲೆ ಉರುಳುವ ಸದ್ದು ಯಾವ ಚಿಪ್ಪಿನಲ್ಲೂ ಇಲ್ಲ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಯಂತ್ರದ ಮೈಯೇ ಅದನ್ನು ಹೊರಡಿಸುತ್ತಿತ್ತು. ಬೇಕೆಂದರೆ ಯಾರಾದರೂ ಯಂತ್ರದ ಮುಂದೆ ಮೈಕು ಹಿಡಿದು ಕೂತು, ಒಂದೊಂದೇ ಸದ್ದನ್ನು ಹಿಡಿದು ತರಬೇಕು. ಈ ಕೆಲಸವನ್ನು ಎಷ್ಟೋ ಕಂಪನಿಗಳು ಖರ್ಚೆಂದು ಬಗೆದು ಕೈಬಿಡುತ್ತವೆ. ಬದಲಿಗೆ ಎಡೆಬಿಡದ ಸಂಗೀತ ಸುರಿಯುತ್ತವೆ. ಇದು ನಮೂದಿಸದೆ ಬಿಟ್ಟ ವ್ಯವಹಾರ.

ಎರಡನೆಯ ಅಕ್ರಮ ಇದಕ್ಕಿಂತ ಹಾಸ್ಯಾಸ್ಪದ. ನಾನು ದುಡ್ಡು ಕೊಟ್ಟು ಕೊಂಡ ಒಂದು ಆಟದಲ್ಲಿ, ಹೆಸರು ಬೇಡ, ‘ಆರ್ಕೇಡ್ ವಾತಾವರಣ’ ಎಂಬ ಆಯ್ಕೆ ಇತ್ತು. ಹಾಕಿದರೆ ಹಿನ್ನೆಲೆಯಲ್ಲಿ ಜನಜಂಗುಳಿ, ನಾಣ್ಯಗಳ ಝಣಝಣ, ಯಾರದೋ ನಗು. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ಅದೇ ನಗೆ ನಕ್ಕ. ಮತ್ತೆ ಸ್ವಲ್ಪ ಹೊತ್ತಿಗೆ ಮತ್ತೆ ನಕ್ಕ. ನಾನು ಗೆದ್ದರೂ ನಕ್ಕ, ಸೋತರೂ ನಕ್ಕ. ಫ್ರಿಸ್ಕೋದ ಗದ್ದಲದಲ್ಲಿ ಪ್ರತಿಯೊಂದು ಸದ್ದಿನ ಹಿಂದೆಯೂ ಯಾರೋ ಒಬ್ಬರು ಆಡುತ್ತಿರುತ್ತಾರೆ. ಇಲ್ಲಿ ಯಾರೂ ಇಲ್ಲ. ಒಂದೇ ಬಿಲ್ಲಿನ ಜೆರಾಕ್ಸ್ ಹತ್ತು ಸಲ ಲಗತ್ತಿಸಿದರೆ ಆಡಿಟರ್ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ತಿರಸ್ಕರಿಸಿದೆ.

ಆಕ್ಷೇಪಗಳನ್ನು ಕೇಳಿದ್ದೇನೆ. ಪರದೆಯ ಮೇಲೆ ಮರವೂ ಇಲ್ಲ, ಉಕ್ಕೂ ಇಲ್ಲ, ಅವುಗಳ ಸದ್ದು ಯಾಕೆ ಬೇಕು, ಇದು ಬರೀ ಹಳಹಳಿಕೆ ಎನ್ನುತ್ತಾರೆ. ಇದಕ್ಕೆ ತೂಕವಿದೆ. ಆದರೆ ನನ್ನ ಬೇಡಿಕೆ ಹಳೆಯ ಸದ್ದಿಗಾಗಿ ಅಲ್ಲ, ಘಟನೆಗೆ ಕಟ್ಟುಬಿದ್ದ ಸದ್ದಿಗಾಗಿ. 1979ರಲ್ಲಿ ವಿಲಿಯಮ್ಸ್ ಕಂಪನಿ ತಂದ ‘ಗೋರ್ಗಾರ್’ ಮಾತಾಡುವ ಮೊದಲ ಪಿನ್‌ಬಾಲ್ ಯಂತ್ರ. ಅದರಲ್ಲೊಂದು ಎದೆಬಡಿತವಿತ್ತು, ಪೂರಾ ಕೃತಕ. ಆಟ ಲಂಬಿಸಿದಷ್ಟೂ ಆ ಬಡಿತ ಚುರುಕಾಗುತ್ತಿತ್ತು. ಕೃತಕವಾದರೂ ಅದು ಸುಳ್ಳು ಹೇಳಲಿಲ್ಲ. ಸ್ಪೇಸ್ ಕ್ಯಾಡೆಟ್ ಕೂಡ ಹೊಸದಾಗಿ ಕಲ್ಪಿಸಿಕೊಂಡ ಮೇಜೇ.

ಖರ್ಚು ಹೆಚ್ಚು ಎಂಬುದು ಇನ್ನೊಂದು ನೆವ. 2000ದಿಂದ ಬಳಕೆಯಲ್ಲಿರುವ ‘ವಿಷುಯಲ್ ಪಿನ್‌ಬಾಲ್’ ಎಂಬ ಉಚಿತ ತಂತ್ರಾಂಶದ ಹವ್ಯಾಸಿಗಳನ್ನು ನೋಡಿ. ಗುಂಡಿನ ವೇಗಕ್ಕೆ ತಕ್ಕಂತೆ ಉರುಳುವ ಸದ್ದು ಏರಿಳಿಯುತ್ತದೆ; ಗುಂಡು ಎಡಕ್ಕಿದ್ದರೆ ಸದ್ದೂ ಎಡದಿಂದ ಬರುತ್ತದೆ. ಕೆಲವರು ಪೆಟ್ಟಿಗೆಯ ಒಳಮೈಗೆ ಕಂಪನ ಹುಟ್ಟಿಸುವ ಎಕ್ಸೈಟರ್‌ಗಳನ್ನು ಅಂಟಿಸಿ, ಸಂಗೀತವನ್ನು ಮೇಲಿನ ಸ್ಪೀಕರಿಗೆ, ಗುಂಡಿನ ಸದ್ದನ್ನು ಕೈಯಡಿಯ ಮರಕ್ಕೆ ಹಂಚುತ್ತಾರೆ. ಅಂಗೈಗೆ ಗುಂಡು ತಿಳಿಯುತ್ತದೆ. ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಅವರು ಮಾಡುವುದನ್ನು ಬಂಡವಾಳ ಹಾಕಿದವರು ಮಾಡಲಾರರೆ?

ಇದರಿಂದ ಕನ್ನಡದವರಿಗೇನು ಎಂದು ಕೇಳುವಿರಿ. ನಮ್ಮ ಆಟಗಳೂ ಒಂದೊಂದಾಗಿ ಪರದೆ ಹತ್ತುತ್ತಿವೆ. ಕೇರಂ ಹತ್ತಿಯಾಯಿತು. ಅಳಗುಳಿಮಣೆಯಲ್ಲಿ ಹುಣಸೆಬೀಜ ಒಂದೊಂದೇ ಗುಳಿಗೆ ಬೀಳುವಾಗ ಎದುರಾಳಿಯ ಕಿವಿ ಎಣಿಸುತ್ತಿರುತ್ತದೆ. ಬೋರಿಕ್ ಪುಡಿ ಕಡಿಮೆಯಾದದ್ದು ಸ್ಟ್ರೈಕರಿನ ಗರಗರದಲ್ಲೇ ಗೊತ್ತಾಗುತ್ತದೆ. ಚೌಕಾಬಾರದ ಕವಡೆ ಬರೀ ನೆಲದ ಮೇಲೆ ಒಂದು ತರ, ಜಮಖಾನದ ಮೇಲೆ ಇನ್ನೊಂದು ತರ. ಇವೆಲ್ಲ ಅಜ್ಜಿ ಯಾವ ಪುಸ್ತಕದಲ್ಲೂ ಬರೆದಿಡದ ತಿಳಿವಳಿಕೆ. ಮರ್ಫಿಯ ಮಹಡಿ ಮೇಲೆ, ಕಾರ್ಪೆಟ್ ಹಾಸಿದ ಗೇಮ್ ರೂಮಿನಲ್ಲಿ ಬೆಳೆಯುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಈ ಆಟಗಳ ಮೊದಲ ಪರಿಚಯ ಪರದೆಯಲ್ಲೇ ಆಗುತ್ತದೆ. ಅಲ್ಲಿ ಬೀಜ ಬಿದ್ದಾಗ ‘ಡಿಂಗ್’ ಎಂದರೆ ಅವರ ಪಾಲಿಗೆ ಬೀಜದ ಸದ್ದು ‘ಡಿಂಗ್’ ಆಗಿಯೇ ಉಳಿಯುತ್ತದೆ.

ಹಾಗಾಗಿ ಆಸ್ಟಿನ್ನಿನವರಿಗೂ ಬೆಂಗಳೂರಿನವರಿಗೂ ನನ್ನ ಬೇಡಿಕೆ ಒಂದೇ, ಮೂರು ಕಲಮುಗಳಲ್ಲಿ. ಸದ್ದು ಮತ್ತು ಸಂಗೀತವನ್ನು ಬೇರೆ ಬೇರೆ ಗುಂಡಿಗಳಲ್ಲಿಡಿ. ಪ್ರತಿ ಪೆಟ್ಟಿಗೂ ಅದರ ತೂಕ, ವೇಗ, ಜಾಗಕ್ಕೆ ತಕ್ಕ ಸದ್ದು ಕೊಡಿ. ಪೆಟ್ಟಿಲ್ಲದ ಕಡೆ ಸುಮ್ಮನಿರಿ. ಮೌನವನ್ನು ಯಾವ ಆಡಿಟರೂ ಪ್ರಶ್ನಿಸುವುದಿಲ್ಲ, ಅದು ನಿಜವಾಗಿದ್ದರೆ.